ಕರುಳಿನ ಪೇಟೆ ಧಾರಣೆ

ರೋಗಿಯ ಹೊಟ್ಟೆ ಮುಟ್ಟುವ ಮೊದಲು ಅವರು ತಮ್ಮ ಎರಡೂ ಅಂಗೈಗಳನ್ನು ಚೆನ್ನಾಗಿ ತಿಕ್ಕಿ ಬಿಸಿ ಮಾಡಿಕೊಳ್ಳುತ್ತಿದ್ದರು. ತಣ್ಣನೆಯ ಕೈ ತಗುಲಿದರೆ ಹೊಟ್ಟೆ ಬಿಗಿದುಕೊಳ್ಳುತ್ತದಂತೆ, ಆಮೇಲೆ ಒಳಗಿನ ಸುದ್ದಿ ಹೊರಗೆ ಬರುವುದಿಲ್ಲವಂತೆ. ನಾನು ಹತ್ತಿ ದಲಾಲಿ. ಆನಗೋಡಿನಿಂದ ಬರಿಗಾಲಲ್ಲಿ ಬಂದು ಮಂಡಿಪೇಟೆಯಲ್ಲಿ ಸ್ವಂತ ಗಾದಿ ಹಾಕಿದವನು. ಯಾರಿಂದಲೂ ಏನನ್ನೂ ಕಲಿಯಲಿಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ಈ ಒಂದನ್ನು ಮಾತ್ರ ಆ ಡಾಕ್ಟರಿಂದ ಕಲಿತೆ. ವ್ಯಾಪಾರಕ್ಕೆ ಹೊಸದಾಗಿ ಇಳಿಯುವವರಿಗೆ ಈಗಲೂ ಹೇಳುತ್ತೇನೆ: ಎದುರಿನವನ ಒಳಗು ತಿಳಿಯಬೇಕಾದರೆ ಮೊದಲು ನಿಮ್ಮ ಕೈ ಬೆಚ್ಚಗೆ ಮಾಡಿಕೊಳ್ಳಿ.

ಹೋದ ತಿಂಗಳು ಅವರು ಮೈಸೂರಿನ ಕಡೆ ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ಅವರ ಹೆಸರು ಬರೆಯುವುದಿಲ್ಲ. ದವಾಖಾನೆಗೆ ಒಂದು ಬೋರ್ಡು ಹಾಕಿಸಿರಿ ಎಂದರೆ ರೋಗಿಗಳಿಗೆ ದಾರಿ ಗೊತ್ತಲ್ಲ ಎನ್ನುತ್ತಿದ್ದ ಮನುಷ್ಯ. ಸತ್ತ ಮೇಲೆ ನಾನೇಕೆ ಹಾಕಲಿ. ದಾವಣಗೆರೆಯಲ್ಲಿ ಅವರನ್ನು ನೆನೆಯುವವರು ‘ಸುಳ್ಳು ಭವಿಷ್ಯದ ಡಾಕ್ಟ್ರು’ ಎಂದು ನಗುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ನಗುವಂತಿಲ್ಲ. ತೀರಿಹೋದ ನಮ್ಮಣ್ಣನ ಮಗಳು ಗಿರಿಜಾಳ ಮದುವೆ ಆಗುತ್ತದೋ ಮುರಿಯುತ್ತದೋ ಎಂಬುದು ಒಂದು ಕಾಲಕ್ಕೆ ಅವರ ಒಂದೇ ಮಾತಿನ ಮೇಲೆ ನಿಂತಿತ್ತು. ಆ ಮಾತನ್ನು ಹೇಳಲು ಅವರು ಒಪ್ಪಲಿಲ್ಲ.

ಗಿರಿಜಾಳಿಗೆ ಹದಿನಾರು ತುಂಬಿದ ವರ್ಷ ಹೊಟ್ಟೆ ಕೆಟ್ಟಿತು. ಕೆಟ್ಟದ್ದು ನೆಟ್ಟಗಾಗಲಿಲ್ಲ. ರಕ್ತ ಹೋಗುತ್ತಿತ್ತು. ಎಲ್ಲರೂ ಆಮಶಂಕೆ ಎಂದರು, ಸೂಜಿಯ ಮೇಲೆ ಸೂಜಿ ಚುಚ್ಚಿದರು, ಮಜ್ಜಿಗೆ ಅನ್ನ ಬಿಟ್ಟು ಬೇರೆ ತಿನ್ನಗೊಡಲಿಲ್ಲ. ಹುಡುಗಿ ಹತ್ತಿಯ ಹಂಜಿಯಂತೆ ಬಿಳುಚಿಕೊಂಡಳು. ಆಗಷ್ಟೇ ಈ ಡಾಕ್ಟರು ನನ್ನ ಅಂಗಡಿಯ ಮೇಲಿನ ಮಾಳಿಗೆಯನ್ನು ಬಾಡಿಗೆಗೆ ಹಿಡಿದಿದ್ದರು. ಕಟ್ಟಡದ ಮಾಲೀಕ ಕೇಳಿದಷ್ಟಕ್ಕೆ ತಲೆಯಾಡಿಸಿ ಬಂದಿದ್ದರು. ನನಗೆ ಹೊಟ್ಟೆ ಉರಿದು, ನಾನೇ ಹೋಗಿ ಬಾಡಿಗೆ ಇಳಿಸಿಕೊಂಡು ಬಂದೆ. ಆ ಉಪಕಾರಕ್ಕೆ ಅವರು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ನನಗೆ ಮಲ ಸಲೀಸಾಗಿ ಆಗುತ್ತದೆಯೇ ಎಂದು ಕೇಳಿದರು.

ಇದು ಅವರ ಅಭ್ಯಾಸ. ದೊಡ್ಡವರು ಚಿಕ್ಕವರು, ಜಾಗ, ಹೊತ್ತು ಏನೂ ನೋಡುತ್ತಿರಲಿಲ್ಲ. ಒಮ್ಮೆ ಮದುವೆಯ ಪಂಕ್ತಿಯಲ್ಲಿ, ಎದುರು ಸಾಲಿನಲ್ಲಿ ಕೂತ ಗಿರಣಿ ಸಾಹುಕಾರರನ್ನು, ಅವರ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ, ದಿನಕ್ಕೆ ಎಷ್ಟು ಸಲ ಹೋಗುತ್ತೀರಿ, ತೆಳ್ಳಗೋ ಗಟ್ಟಿಯೋ ಎಂದು ವಿಚಾರಿಸಿದರು. ಸಾಹುಕಾರರು ಹೋಳಿಗೆ ಮುಟ್ಟಲಿಲ್ಲ. ಇಡೀ ಸಾಲು ಮುಟ್ಟಲಿಲ್ಲ. ಬಡಿಸುವವರು ಮಾತ್ರ ಉಳಿತಾಯವಾಯಿತೆಂದು ಖುಷಿಪಟ್ಟರು.

ಗಿರಿಜಾಳ ಹೊಟ್ಟೆಯನ್ನು ಅವರು ಸೀರೆಯ ಮೇಲಿನಿಂದಲೇ ಬಹಳ ಹೊತ್ತು ಒತ್ತಿ ನೋಡಿದರು. ಕೊನೆಗೆ, ಇದು ಆಮಶಂಕೆಯಲ್ಲ ಎಂದರು. ದೊಡ್ಡ ಕರುಳಿನ ಒಳಗೋಡೆಗೆ ತಾನಾಗಿ ಉರಿ ಹತ್ತಿ ಹುಣ್ಣಾಗುವ ಬೇನೆ. ಯುದ್ಧದ ಕಾಲದಲ್ಲಿ ಬಿಳಿಯ ಸಿಪಾಯಿಗಳ ಆಸ್ಪತ್ರೆಯಲ್ಲಿ ದುಡಿದಾಗ ಇದನ್ನು ಕಂಡಿದ್ದರಂತೆ. ಬರುತ್ತದೆ, ಅಡಗುತ್ತದೆ, ಮತ್ತೆ ಬರುತ್ತದೆ, ಪೂರ್ತಿ ಬಿಟ್ಟುಹೋಗುವುದಿಲ್ಲ, ಆದರೆ ನೋಡಿಕೊಂಡರೆ ಸಾಯಿಸುವುದೂ ಇಲ್ಲ. ಸೂಜಿ ನಿಲ್ಲಿಸಿ ಬೇರೆ ಗುಳಿಗೆ ಬರೆದುಕೊಟ್ಟರು, ಅನ್ನ ಸಾರು ಮುದ್ದೆ ಎಲ್ಲ ತಿನ್ನು ಎಂದರು. ಗಿರಿಜಾ ತಲೆ ತಗ್ಗಿಸಿ, ನಾನು ಸಾಯ್ತೀನೇನ್ರಿ ಎಂದು ಕೇಳಿದಳು.

“ನೀನು ಸತ್ತರೆ ನನ್ನ ಲೆಕ್ಕ ತಪ್ಪುತ್ತೆ ಕಣಮ್ಮ,” ಅಂದರು ಡಾಕ್ಟರು. “ನನ್ನ ಲೆಕ್ಕ ನಿಂತಿರೋದೇ ನೀವೆಲ್ಲ ಬದುಕಿರ್ತೀರಿ ಅನ್ನೋದರ ಮೇಲೆ.”

ಎಷ್ಟೋ ತಿಂಗಳ ಮೇಲೆ ಅವತ್ತು ಹುಡುಗಿ ನಕ್ಕಳು. ಯಾವ ಲೆಕ್ಕ ಎಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ನನ್ನ ಗಾದಿಯ ಮೇಲೆ. ಸಂಜೆ ಪೇಟೆ ಮುಗಿದ ಮೇಲೆ ನಾಲ್ಕು ಜನ ವ್ಯಾಪಾರಸ್ಥರು ಅಲ್ಲಿ ಒರಗಿಕೊಂಡು ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು ರೂಢಿ. ಡಾಕ್ಟರೂ ಇಳಿದು ಬರುವರು. ಒಂದು ಸಂಜೆ ಅವರು, ಈ ಕರುಳಿನ ಬೇನೆ ಈಗ ನಮ್ಮಲ್ಲಿ ಬೆರಳೆಣಿಕೆಯಷ್ಟು, ಆದರೆ ಮೊಮ್ಮಕ್ಕಳ ಕಾಲಕ್ಕೆ ಬೀದಿಗೊಬ್ಬರಿಗಾದರೂ ಇರುತ್ತದೆ ಎಂದುಬಿಟ್ಟರು. ನಾವು ಮಂಡಕ್ಕಿ ಅಗಿಯುವುದು ನಿಲ್ಲಿಸಿದೆವು. ಅದು ಹೆಂಗೆ ಹೇಳ್ತೀರಿ, ಪಂಚಾಂಗ ನೋಡಿದಿರೇನು ಎಂದು ನಾನೇ ಕೆಣಕಿದೆ.

“ಸಾಹುಕಾರ್ರೆ, ನಿಮ್ಮ ಗೋದಾಮಿಗೆ ದಿನಾ ಒಂದೇ ಒಂದು ಅಂಡಿಗೆ ಹತ್ತಿ ಬರುತ್ತೆ ಅಂದ್ಕೊಳ್ಳಿ. ಬರೋದು ಹೆಚ್ಚಾಗೋದೇ ಬೇಡ. ಹೊರಗೆ ಮಾತ್ರ ಒಂದೂ ಹೋಗಲ್ಲ. ಏನಾಗುತ್ತೆ?”

“ಗೋದಾಮು ತುಂಬ್ತೈತೆ.”

“ನಾನು ಹೇಳ್ತಿರೋದು ಅಷ್ಟೇ.”

ಕಾಲರಾ ಬಂದರೆ ಮನುಷ್ಯ ಸಾಯುತ್ತಾನೆ, ಇಲ್ಲ ಏಳುತ್ತಾನೆ. ಎರಡರಲ್ಲಿ ಯಾವುದಾದರೂ ಗೋದಾಮು ಖಾಲಿ. ಇದು ಹಾಗಲ್ಲ. ಇಪ್ಪತ್ತಕ್ಕೆ ಒಳಗೆ ಬಂದವನು ಎಪ್ಪತ್ತರವರೆಗೂ ಒಳಗೇ ಇರುತ್ತಾನೆ. ಅವನ ಹಿಂದೆ ಇನ್ನೊಬ್ಬ ಬರುತ್ತಾನೆ. ಬಿಳಿಯರ ಊರುಗಳಲ್ಲಿ ಗಿರಣಿ, ಪೇಟೆ, ಹೊಸ ಬದುಕು ಬೆಳೆದಂತೆ ಒಳಗೆ ಬರುವವರೂ ಹೆಚ್ಚಾದರಂತೆ. ದಾವಣಗೆರೆಯಲ್ಲೂ ಗಿರಣಿಯ ಹೊಗೆಕೊಳವೆಗಳು ಏಳುತ್ತಿವೆ. ಅವರು ಇದನ್ನು ಹೇಳಿದ ರೀತಿಯಲ್ಲಿ ಹೆದರಿಸುವ ದನಿ ಇರಲಿಲ್ಲ. ಮುಂದಿನ ಹಂಗಾಮಿಗೆ ಇಷ್ಟು ಗೋಣಿ ಬೇಕಾಗುತ್ತವೆ ಎನ್ನುವವರಂತೆ ಹೇಳಿದರು. ನನ್ನ ಅಂದಾಜು ತಪ್ಪಿದರೆ ನನಗೇ ಮೊದಲು ಸಂತೋಷ ಎಂದೂ ಸೇರಿಸಿದರು.

ನಮ್ಮವರು ಕೇಳಿದ ಪ್ರಶ್ನೆಗಳನ್ನು ಬರೆಯಲು ನಾಚಿಕೆಯಾಗಬೇಕು, ಆದರೆ ಆಗುವುದಿಲ್ಲ; ನಾನಾದರೂ ಅದನ್ನೇ ಕೇಳುತ್ತಿದ್ದೆ. ಯಾವ ತಿಂಗಳಿಂದ ಏರುತ್ತದೆ? ಒಮ್ಮೆಲೇ ಏರುತ್ತದೋ, ನಡುವೆ ಇಳಿದು ಏರುತ್ತದೋ? ಒಬ್ಬರು ಸಂಜೆ ಸದ್ದಿಲ್ಲದೆ ಹೋಗಿ, ಹೊಟ್ಟೆಗೆ ಒಳ್ಳೆಯದೆಂದು ಇಸಬ್‌ಗೋಲಿನ ಮೂಟೆಗಳನ್ನು ಹಿಡಿದಿಟ್ಟರು. ಮೊಮ್ಮಕ್ಕಳ ಕಾಲ ಬರುವುದರೊಳಗೆ ಅದನ್ನು ಇಲಿಗಳು ತಿಂದವು. ಆ ಓಣಿಯ ಇಲಿಗಳ ಹೊಟ್ಟೆ ಬಹಳ ಆರೋಗ್ಯವಾಗಿದ್ದಿರಬೇಕು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಯಾರಾದರೂ ಭವಿಷ್ಯ ಹೇಳಿದರೆ, ಕೊಳ್ಳುವ ಮೊದಲು ಎಷ್ಟು ದೂರದ ಭವಿಷ್ಯ ಎಂದು ಕೇಳಿಕೊಳ್ಳಿ.

ಬೇನೆ ಯಾವುದರಿಂದ ಬರುತ್ತದೆ ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಖಾನಾವಳಿಯವರು ಡಾಲ್ಡಾ ಎಂದು ಹೇಳಿರಿ ಎಂದು ದುಂಬಾಲು ಬಿದ್ದರು. ಡಾಲ್ಡಾ ಮಾರುವವರು ಹೋಟೆಲು ದೋಸೆ ಎಂದು ಹೇಳಿರಿ ಎಂದರು. ಹಿರಿಯರಿಗೆ ಚಹಾದ ಮೇಲೆ ಅನುಮಾನ, ಚಹಾದಂಗಡಿಯವನಿಗೆ ಸಿನಿಮಾದ ಮೇಲೆ. ಡಾಕ್ಟರು ಎಲ್ಲರಿಗೂ, ಗೊತ್ತಿಲ್ಲಪ್ಪ ಎನ್ನುತ್ತ, ದೋಸೆಯ ಮೇಲೆ ಬೆಣ್ಣೆ ಇನ್ನಷ್ಟು ಹಾಕಿಸಿಕೊಂಡು ತಿನ್ನುತ್ತಿದ್ದರು. ಪೇಟೆಯಲ್ಲಿ ಗೊತ್ತಿಲ್ಲ ಎನ್ನುವವನ ಹತ್ತಿರ ಗಿರಾಕಿ ನಿಲ್ಲುವುದಿಲ್ಲ. ಇದನ್ನು ನಾನು ಅವರಿಗೆ ಎಷ್ಟೋ ಸಲ ತಿಳಿಸಿ ಹೇಳಿದೆ. ಕೇಳಲಿಲ್ಲ.

ಮುಂದೆ ಊರಿನ ಒಂದು ಭಾಗಕ್ಕೆ ನಲ್ಲಿ ನೀರು ಬಂತು. ಪುರಸಭೆಯ ಅಧ್ಯಕ್ಷರು ಪೆಂಡಾಲು ಹಾಕಿಸಿ, ವಿದ್ಯಾವಂತರೊಬ್ಬರು ಇರಲಿ ಎಂದು ಡಾಕ್ಟರನ್ನೂ ಮೇಲೆ ಕೂರಿಸಿದರು. ಡಾಕ್ಟರು ಎದ್ದು, ಈ ನೀರಿನಿಂದ ಕಾಲರಾ ಹೋಗುತ್ತದೆ, ಆಮಶಂಕೆ ಕಡಿಮೆಯಾಗುತ್ತದೆ, ಬಹಳ ಒಳ್ಳೆಯದು ಎಂದರು. ಚಪ್ಪಾಳೆ. ಅಲ್ಲಿಗೇ ಕೂತುಬಿಡಬೇಕಿತ್ತು. ಅವೆಲ್ಲ ಹೋದ ಮೇಲೆ ಇನ್ನೊಂದು ಕರುಳಿನ ಬೇನೆ ಮೇಲೆದ್ದು ಕಾಣುತ್ತದೆ, ಅದಕ್ಕೂ ಈಗಿನಿಂದಲೇ ಒಂದು ವಾರ್ಡು, ಒಬ್ಬ ಡಾಕ್ಟರು ಎಂದು ಯೋಚನೆ ಮಾಡಿರಿ ಎಂದು ಮುಂದುವರಿಸಿದರು. ಮರುದಿನ ನಲ್ಲಿಯ ಮುಂದೆ ಒಂದು ಕೊಡ ಇರಲಿಲ್ಲ. ನಲ್ಲಿ ನೀರು ಕುಡಿದರೆ ಕರುಳು ಹುಣ್ಣಾಗುತ್ತದೆಂದು ಡಾಕ್ಟರೇ ಹೇಳಿದ್ದಾರೆ ಎಂದು ಆವರಗೆರೆಯವರೆಗೂ ಸುದ್ದಿ ಹೋಗಿತ್ತು. ಅಧ್ಯಕ್ಷರು ನನ್ನ ಗಾದಿಗೆ ಬಂದು, ನಿಮ್ಮ ಮಾಳಿಗೆ ಮೇಲಿನ ಜೋಯಿಸರ ಬಾಯಿ ಸ್ವಲ್ಪ ಮುಚ್ಚಿಸಿ ಎಂದು ಹೇಳಿ ಹೋದರು. ಡಾಕ್ಟರು ಆ ವಾರವೆಲ್ಲ ಬೆಳಗ್ಗೆ ನಲ್ಲಿಯ ಹತ್ತಿರ ನಿಂತು, ಹೋಗಿಬರುವವರ ಎದುರಿಗೆ ಬೊಗಸೆಯಲ್ಲಿ ನೀರು ಕುಡಿದರು. ಜನ ಅವರನ್ನು ನೋಡಿದರು, ಬಾವಿಯ ಕಡೆ ನಡೆದರು.

ಈ ಗದ್ದಲದ ನಡುವೆಯೇ ಗಿರಿಜಾಳಿಗೆ ಹರಿಹರದ ಸಂಬಂಧ ಬಂತು. ಹುಡುಗ ಒಳ್ಳೆಯವನು. ಅವನ ತಂದೆಗೆ ಎಣ್ಣೆ ಗಿರಣಿ. ಶೇಂಗಾ ಪೇಟೆಯಲ್ಲಿ ಮಾತು ನಡೆಯುವ ಯಜಮಾನರು. ಗಿರಿಜಾ ಆಗ ಗುಣವಾಗಿ ಮೈ ತುಂಬಿಕೊಂಡಿದ್ದಳು. ಆದರೆ ಹಳೆಯ ಸುದ್ದಿ ತುಂಗಭದ್ರೆಯ ಸೇತುವೆ ದಾಟಿ ಹೋಗಿತ್ತು. ಮಾತುಕತೆಗೆ ಬರುವ ಯಜಮಾನರಿಗೆ ಹುಡುಗಿ ಪೂರ್ತಿ ವಾಸಿಯಾಗಿದ್ದಾಳೆ ಎಂದು ಒಂದು ಮಾತು ಹೇಳಿಬಿಡಿ ಎಂದು ನಾನು ಡಾಕ್ಟರನ್ನು ಬೇಡಿಕೊಂಡೆ. ಇವತ್ತು ಚೆನ್ನಾಗಿದ್ದಾಳೆ ಎನ್ನುತ್ತೇನೆ, ನಾಳೆಯದು ಹೇಳಲಾರೆ ಎಂದರು. ಐವತ್ತು ವರ್ಷದ ಮುಂದಿನ ಊರಿನ ಕರುಳು ಹೇಳುವ ಮನುಷ್ಯನಿಗೆ ಒಂದು ಹುಡುಗಿಯ ನಾಳೆ ಹೇಳಲಾಗುವುದಿಲ್ಲವೇ ಎಂದು ನನಗೆ ಸಿಟ್ಟು ಬಂತು.

“ಊರಿನದು ಹೇಳಬಹುದು ಸಾಹುಕಾರ್ರೆ. ಒಬ್ಬರದು ಹೇಳಕ್ಕಾಗಲ್ಲ,” ಅಂದರು. “ಪೇಟೆಗೆ ಎಷ್ಟು ಹತ್ತಿ ಬರುತ್ತೆ ಅಂತ ನೀವು ಹೇಳ್ತೀರಿ. ಇಂಥ ಗಿಡದಲ್ಲಿ ಎಷ್ಟು ಕಾಯಿ ಅಂದರೆ ಹೇಳ್ತೀರಾ?”

ಅವರ ಮಾತು ಸರಿಯಿತ್ತು. ಸರಿಯಿದ್ದ ಮಾತಿನಿಂದ ಮದುವೆ ಆಗುವುದಿಲ್ಲ. ಹಾಗಾಗಿ ಮಾತುಕತೆಯ ದಿನ ಡಾಕ್ಟರನ್ನು ಗಾದಿಯ ಆ ತುದಿಗೂ ಯಜಮಾನರನ್ನು ಈ ತುದಿಗೂ ಕೂರಿಸಿ, ನಡುವೆ ನಮ್ಮ ದಪ್ಪನೆಯ ಭಾವಮೈದುನನನ್ನು ಇಟ್ಟೆ.

ನಮ್ಮ ಪೇಟೆಯಲ್ಲಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೂ ಹೊದಿಸಿ, ಒಳಗೆ ಬೆರಳು ಹಿಡಿದು ಕೇಳುವುದು, ಬೆರಳು ಹಿಡಿದು ಹೇಳುವುದು. ಎಷ್ಟು ಬೆರಳೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕೈ ಬಿಟ್ಟರೆ ಮುಗಿಯಿತು, ಆಮೇಲೆ ಸರಕು ಬಂಗಾರವಾಗಲಿ ಬೂದಿಯಾಗಲಿ ಹಿಂದೆ ಸರಿಯುವಂತಿಲ್ಲ. ಹೆಣ್ಣುಮಗಳ ಹೊಟ್ಟೆಯ ವಿಷಯವನ್ನು ಹಿರಿಯರೆದುರು ಬಾಯಿ ಬಿಟ್ಟು ಕೇಳುವುದು ಯಜಮಾನರಿಗೆ ಸರಿತೋರಲಿಲ್ಲ. ಎಲೆ ಅಡಿಕೆ ಹಂಚುವಾಗ ಎದ್ದು ಬಂದು ಡಾಕ್ಟರ ಪಕ್ಕದಲ್ಲಿ ಕೂತರು. ವಲ್ಲಿ ತೆಗೆದು ಇಬ್ಬರ ಕೈಗಳ ಮೇಲೂ ಎಳೆದರು. ರೂಪಾಯಿಗೆ ಎಷ್ಟಾಣೆ ರೋಗ ಎಂಬುದು ಪ್ರಶ್ನೆ. ಆಗಿನ್ನೂ ಆಣೆಯ ಕಾಲ.

ಮೈಸೂರು ಕಡೆಯ ಡಾಕ್ಟರಿಗೆ ಈ ಪದ್ಧತಿ ಏನು ಗೊತ್ತು. ವಯಸ್ಸಾದವರು ಮರ್ಯಾದೆಗೆ ಮರೆಯಲ್ಲಿ ನಾಡಿ ತೋರಿಸುತ್ತಿದ್ದಾರೆಂದು ತಿಳಿದರು. ಎಲ್ಲ ಡಾಕ್ಟರುಗಳ ಹಾಗೆ ಮೂರು ಬೆರಳಿಟ್ಟು ನಾಡಿ ಹಿಡಿದರು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು, ಚೆನ್ನಾಗಿದೆ, ಯೋಚನೆ ಮಾಡಬೇಡಿ ಎಂದರು. ಯಜಮಾನರು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನ ಕಿವಿಗೆ ಬಂದರು.

“ಮೂರಾಣೆ ಅಂದ್ರು. ಹೋಗ್ಲಿ ಬಿಡ್ರಿ, ಮೂರಾಣೆ ಜಳ್ಳು ಯಾವ ಶೇಂಗಾದಾಗ ಇರಂಗಿಲ್ಲ ಹೇಳ್ರಿ? ನಮ್ಮ ಕಡಿಂದ ಮುಗೀತು.”

ಆ ರಾತ್ರಿ ನಾನು ಬಹಳ ಚೆನ್ನಾಗಿ ಊಟ ಮಾಡಿದೆ. ಎರಡು ದಿನ ತಡೆದುಕೊಂಡು, ಮೂರನೆಯ ದಿನ ನಗು ತಡೆಯಲಾರದೆ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಗಿರಿಜಾಳನ್ನು ಕೇಳಿದಿರಾ ಎಂದರು. ಅವಳನ್ನೇನು ಕೇಳುವುದು ಎಂದೆ. ಅವರೇ ನನ್ನ ಹಿಂದೆ ಮನೆಗೆ ಬಂದು, ನಡುಮನೆಯಲ್ಲಿ ನಿಂತು, ನಡೆದದ್ದನ್ನು ಅವಳಿಗೆ ಹೇಳಿದರು. ಗಿರಿಜಾ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ನೀವು ಒಂದು ದಿನ ಸುಳ್ಳು ಹೇಳಿ ಕಳಿಸ್ತೀರಿ ಕಾಕ. ಅಲ್ಲಿ ದಿನಾ ಹೇಳಾಕಿ ನಾನು.”

ಅಷ್ಟೇ ಹೇಳಿದ್ದು. ಡಾಕ್ಟರು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ನಾನು ಧೋತರ ಎತ್ತಿ ಹಿಡಿದು ಹಿಂದೆ ಓಡಿದೆ. ಹರಿಹರದವರೆಗೂ ಬಸ್ಸಿನಲ್ಲಿ ಅವರ ಕಿವಿಯಲ್ಲಿ ಊದಿದೆ: ಮುಗಿದ ವ್ಯಾಪಾರ ಕೆದಕಬ್ಯಾಡ್ರಿ, ಮದುವೆ ಆಗ್ಲಿ, ಆಮೇಲೆ ಅವರೇ ಹೊಂದಿಕೊಳ್ತಾರೆ, ಲೋಕದಾಗ ಯಾರ ಹೊಟ್ಟೆ ನೆಟ್ಟಗೈತೆ. ಅವರು ಕಿಟಕಿಯಾಚೆ ನೋಡುತ್ತಲೇ ಕೂತಿದ್ದರು. ನಾನು ನಾಡಿ ನೋಡಿದ್ದು, ಬೆಲೆ ಹೇಳಿದ್ದಲ್ಲ ಎಂದು ಒಂದು ಸಲ ಗೊಣಗಿದರು.

ಎಣ್ಣೆ ಗಿರಣಿಯ ಅಂಗಳದಲ್ಲಿ ಯಜಮಾನರು ಶೇಂಗಾ ರಾಶಿಯ ಪಕ್ಕ ಕೂತಿದ್ದರು. ಬರ್ರಿ, ಕೂಡ್ರಿ ಎಂದರು. ಡಾಕ್ಟರು ನಿಂತೇ ಎಲ್ಲವನ್ನೂ ಹೇಳಿದರು. ಇದು ಬಿಟ್ಟುಹೋಗುವ ಬೇನೆಯಲ್ಲ. ಮತ್ತೆ ಬರಬಹುದು, ಬಹಳ ದಿನ ಬಾರದೆಯೂ ಇರಬಹುದು. ಎಷ್ಟಾಣೆ ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನಾನು ಯಜಮಾನರ ಮುಖ ನೋಡಲಾರದೆ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ. ಮನಸ್ಸಿನಲ್ಲಿ ಗಿರಿಜಾಳ ಮದುವೆಯ ಪೆಂಡಾಲು ಕೆಳಗಿಳಿಯುತ್ತಿತ್ತು.

ಯಜಮಾನರು ರಾಶಿಯಿಂದ ಒಂದು ಹಿಡಿ ಶೇಂಗಾ ಎತ್ತಿ ಮತ್ತೆ ಸುರಿದರು. ಮಕ್ಕಳಾಗುತ್ತವೆಯೇ ಎಂದು ಕೇಳಿದರು. ಆಗಬಹುದು ಎಂದರು ಡಾಕ್ಟರು. ಸಾಯುತ್ತಾಳೆಯೇ? ನೀವು ನಾನು ಸಾಯುವ ಹಾಗೆ. ಹಾಗಾದರೆ ತೊಂದರೆ ಯಾವುದು ಎಂದರು ಯಜಮಾನರು.

“ನಿಮ್ಮ ಮನೇಲಿ ಹೆಂಗಸರು ಹೊರಕಡೆಗೆ ಎಲ್ಲಿ ಹೋಗ್ತಾರೆ?”

ಹೊಳೆದಂಡೆಗೆ. ಬೆಳಕು ಹರಿಯುವ ಮೊದಲು, ಇಲ್ಲ ಕತ್ತಲಾದ ಮೇಲೆ. ಎಲ್ಲರ ಮನೆಯಲ್ಲೂ ಹಾಗೆಯೇ.

“ಆ ಬೇನೆ ಕತ್ತಲಾಗೋದನ್ನ ಕಾಯಲ್ಲ ಸ್ವಾಮಿ. ತೊಂದರೆ ಅಂದರೆ ಅದೇ. ಉಳಿದದ್ದಕ್ಕೆ ಗುಳಿಗೆ ಇದೆ.”

ಯಜಮಾನರು ನನ್ನ ಕಡೆ ತಿರುಗಿದರು. ಈಗ ಮುರಿಯುತ್ತಾರೆ ಎಂದುಕೊಂಡೆ.

“ವಲ್ಲಿ ಕೆಳಗ ಕೈ ಬಿಟ್ಟ ಮ್ಯಾಲೆ ಹಿಂದ ಸರಿದವ ಅಂತ ನನ್ನ ಹೆಸರಿಗೆ ಬರಬಾರದು. ಇವರು ಬೆರಳು ತಪ್ಪಿ ಹಿಡಿದರು ಅಂತ ನಾನು ಪ್ಯಾಟ್ಯಾಗ ಹೇಳಕ್ಕಾಗ್ತೈತೇನು? ನಗ್ತಾರ. ಹುಡುಗಿ ನಮ್ಮಾಕಿ. ಆದರೆ ಪಾಯಖಾನೆ ನಿಮ್ಮದು.”

ಆಗ ನನಗೆ ಜೀವ ಬಂತು. ಇದು ನನಗೆ ತಿಳಿಯುವ ಭಾಷೆ. ಅಲ್ಲಿಯೇ ಕೂತು ಚೌಕಾಶಿ ಶುರುಮಾಡಿದೆ. ಇಟ್ಟಿಗೆ ನನ್ನದಾದರೆ ಗಾರೆ ನಿಮ್ಮದು, ಗುಂಡಿ ತೋಡುವ ಆಳು ನಿಮ್ಮವರು, ಬಾಗಿಲು ತೇಗದ್ದು ಬೇಡ, ಮತ್ತಿಯದು ಸಾಕು, ಹುಡುಗನಿಗೆ ಕೊಡಬೇಕಾದ ಕೈಗಡಿಯಾರ ಬಿಟ್ಟುಬಿಡಿ. ಡಾಕ್ಟರು ನಡುವೆ ಬಾಯಿ ಹಾಕಿ ಅದು ಅಡುಗೆಮನೆಯ ಹಿಂಬಾಗಿಲಿಗೆ ಹತ್ತಿರವೇ ಇರಬೇಕೆಂದು ಹಟ ಹಿಡಿದು, ನನಗೆ ಹೆಚ್ಚಿನ ಕೊಳವೆಯ ಖರ್ಚು ತಂದರು. ಮದುವೆಯಲ್ಲಿ ಬೇರೆಯವರು ಪಾತ್ರೆ ಪರಡಿ ತಂದರೆ ನಾವು ಗಾಡಿಯಲ್ಲಿ ಇಟ್ಟಿಗೆ, ಬಿಳಿಯ ಪಿಂಗಾಣಿಯ ಬೇಸಿನ್ನು ತಂದೆವು. ಬೀಗರ ಓಣಿಯವರೆಲ್ಲ ಬಂದು ಅದನ್ನು ಮುಟ್ಟಿ ನೋಡಿದರು. ಹೆಣ್ಣು ಹೆತ್ತವರೇ, ಬಂಗಾರದ ಮಾತು ಬಂದಾಗ ಒಮ್ಮೆ ಇದನ್ನೂ ಎತ್ತಿ ನೋಡಿ. ಬಂಗಾರ ಪೆಟ್ಟಿಗೆಯಲ್ಲಿರುತ್ತದೆ, ಇದು ದಿನಕ್ಕೆ ನಾಲ್ಕು ಸಲ ಉಪಯೋಗಕ್ಕೆ ಬರುತ್ತದೆ.

ವರ್ಷಗಳು ಹೋದವು. ವಾರ್ಡು ಆಗಲಿಲ್ಲ. ಜನ ನಲ್ಲಿ ನೀರಿಗೆ ಒಗ್ಗಿಕೊಂಡರು. ಕರುಳಿನ ಬೇನೆಯವರು ಬೀದಿಗೊಬ್ಬರು ಕಾಣಲಿಲ್ಲ, ಯಾಕೆಂದರೆ ಇದ್ದವರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಾಳಿಗೆ ಮೆಟ್ಟಿಲನ್ನು ತಲೆಗೆ ಸೆರಗು ಹೊದ್ದು ಹತ್ತಿ ಇಳಿಯುತ್ತಿದ್ದರು. ಕಣ್ಣು ಮಂಜಾದಾಗ ಡಾಕ್ಟರು ಊರು ಬಿಡುವುದೆಂದು ತೀರ್ಮಾನಿಸಿದರು. ಬಿಡುವವರ ಮೇಲೆ ಊರಿಗೆ ಪ್ರೀತಿ ಹೆಚ್ಚು. ಪುರಸಭೆಯ ಅಂಗಳದಲ್ಲಿ ಬೀಳ್ಕೊಡುಗೆ ಇಟ್ಟರು. ಗಿರಿಜಾ ಹರಿಹರದಿಂದ ಗಂಡ, ಇಬ್ಬರು ಮಕ್ಕಳು, ಮಾವನ ಜೊತೆ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಆ ವಾರ ಅವಳಿಗೆ ಬೇನೆ ಮೇಲೆದ್ದಿತ್ತು, ಬರಬೇಡ ಎಂದರೂ ಬಂದಿದ್ದಳು.

ಅಧ್ಯಕ್ಷರು ಮೈಕಿನ ಮುಂದೆ ನಿಂತು ಹಳೆಯ ಕಥೆ ತೆಗೆದರು. ಡಾಕ್ಟರು ನಮ್ಮನ್ನು ಒಂದು ಕಾಲಕ್ಕೆ ಬಹಳ ಹೆದರಿಸಿದ್ದರು, ಆದರೆ ನಮ್ಮ ಆಡಳಿತದ ನೀರು ನೈರ್ಮಲ್ಯದ ಮುಂದೆ ಆ ರೋಗ ಊರೊಳಗೆ ಕಾಲಿಡಲೇ ಇಲ್ಲ, ಇವತ್ತು ನಮ್ಮಲ್ಲಿ ಅಂಥ ರೋಗಿ ಒಬ್ಬರೂ ಇಲ್ಲ ಎಂದರು. ಚಪ್ಪಾಳೆ ಬಿದ್ದಿತು. ಹಾರದ ಭಾರಕ್ಕೆ ತಲೆ ತಗ್ಗಿಸಿದ್ದ ಡಾಕ್ಟರು, ಸಂತೋಷ ಎನ್ನುವಂತೆ ಕೈ ಮುಗಿದರು.

ಆಗ ಗಿರಿಜಾ ಎದ್ದಳು. ಹೊಟ್ಟೆ ಹಿಡಿದುಕೊಂಡು, ಸಾಲುಗಳ ನಡುವೆ, ಪುರಸಭೆಯ ಹಿಂಭಾಗಕ್ಕೆ ಬಿರಬಿರನೆ ನಡೆದಳು. ಇಡೀ ಸಭೆ ತಿರುಗಿ ನೋಡಿತು. ಅವಳ ಮಾವ, ಆ ಹರಿಹರದ ಯಜಮಾನರು, ಮುಂದಿನ ಸಾಲಿನಿಂದ ಎದ್ದು ಸೀದಾ ವೇದಿಕೆಗೆ ಹೋದರು. ಅಧ್ಯಕ್ಷರ ಮುಂದೆ ಮೇಜಿನ ಮೇಲಿಟ್ಟಿದ್ದ ನೀರಿನ ಹಿತ್ತಾಳೆ ಚೊಂಬನ್ನು ಎತ್ತಿಕೊಂಡು ಸೊಸೆಯ ಹಿಂದೆ ಹೊರಟರು. ಏನಾಯಿತು ಯಜಮಾನ್ರೆ ಎಂದು ಅಧ್ಯಕ್ಷರು ಮೈಕಿನಲ್ಲೇ ಕೇಳಿಬಿಟ್ಟರು.

“ನಿಮ್ಮ ಲೆಕ್ಕಕ್ಕ ಬರದಾಕಿ ಒಬ್ಬಾಕಿ ಹೊರಗ ಹೊಂಟಾಳ್ರಿ,” ಎಂದರು ಯಜಮಾನರು, ತಿರುಗದೆಯೇ. “ನೀವು ಮಾತಾಡ್ರಿ. ಬರ್ತಾಳ.”

ಸ್ವಲ್ಪ ಹೊತ್ತಿಗೆ ಹೆಂಗಸರ ಸಾಲಿನಿಂದ, ನಾನು ಎಂದೂ ನೋಡಿರದ ಇನ್ನೊಬ್ಬಾಕೆ ಎದ್ದು, ಸೆರಗು ಬಿಗಿದುಕೊಂಡು, ಗಿರಿಜಾ ಹೋದ ದಾರಿಯಲ್ಲೇ ಹೋದಳು. ಅವಳ ಹಿಂದೆ ಗಿರಣಿಯ ಸಮವಸ್ತ್ರದ ಒಬ್ಬ ಗಂಡಸು. ಡಾಕ್ಟರು ಮಂಜುಗಣ್ಣಿನಲ್ಲಿ ಆ ಕಡೆಯೇ ನೋಡುತ್ತಿದ್ದರು. ಅಧ್ಯಕ್ಷರಿಗೆ ಗಂಟಲು ಒಣಗಿ ಕೆಮ್ಮು ಹತ್ತಿತು. ಮೇಜಿನ ಮೇಲೆ ನೀರಿರಲಿಲ್ಲ.